ತಕ್ಕಡಿ ಮಾವನ ಮೂರು ಬೆರಳು

ಆ ಮನೆಯಲ್ಲಿ ಬೆಳಗಾಯಿತು ಎನ್ನುವುದಕ್ಕೆ ಗಡಿಯಾರ ಬೇಕಿರಲಿಲ್ಲ. ಆರೂವರೆಯ ಸುಮಾರಿಗೆ ಮಾವ ಮಂಚದ ಮೇಲೆ ಎದ್ದು ಕೂರುತ್ತಿದ್ದರು. ಬಲಗೈಯ ಎರಡು ಬೆರಳನ್ನು ಎಡ ಮುಂಗೈಯ ಮೇಲಿಟ್ಟು, ಕಣ್ಣು ಮುಚ್ಚಿ, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಅಡುಗೆಮನೆಗೆ ಕೇಳಿಸುವ ಹಾಗೆ ಕೂಗುತ್ತಿದ್ದರು: "ಮೆಷಿನ್ ಓಡ್ತಾ ಇದೆ!"

ಆ ಮಾತು ಕಿವಿಗೆ ಬಿದ್ದ ಮೇಲೆಯೇ ಸೊಸೆ ಒಲೆ ಹಚ್ಚುತ್ತಿದ್ದಳು. ಹಾಗೆ ಯಾರೂ ಹೇಳಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಬೆಂಕಿಕಡ್ಡಿ ಕೈಯಲ್ಲಿ ಹಿಡಿದು ಕಾಯುವುದನ್ನು ನೋಡಿದ್ದಳು, ಅದೇ ಅಭ್ಯಾಸವಾಗಿ ಹೋಗಿತ್ತು.

ಮಾವನ ಎರಡೂ ಕಿಡ್ನಿ ಕೈಕೊಟ್ಟು ಒಂಬತ್ತು ವರ್ಷ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಅದಕ್ಕೆಂದೇ ಎಡ ಮುಂಗೈಯಲ್ಲಿ ಒಂದು ಅಪಧಮನಿಯನ್ನೂ ಒಂದು ಅಭಿಧಮನಿಯನ್ನೂ ಜೋಡಿಸಿ ಫಿಸ್ಟುಲಾ ಮಾಡಿದ್ದರು. ರಕ್ತ ಅಲ್ಲಿ ರಭಸವಾಗಿ ನುಗ್ಗುವಾಗ ಚರ್ಮದಡಿ ಜುಂ ಎನ್ನುವ ಒಂದು ಕಂಪನ. ಅದು ನಿಂತಿತೆಂದರೆ ದಾರಿ ಕಟ್ಟಿಕೊಂಡಿತು ಎಂದರ್ಥ. ಕಟ್ಟಿಕೊಂಡರೆ ಆ ದಿನವೇ ಬಿಡಿಸಬೇಕು, ತಡವಾದರೆ ಕೈಯೇ ವ್ಯರ್ಥ. ಹಾಗಾಗಿ ಆ ಎಡಗೈ ಮನೆಯಲ್ಲಿ ಒಂದು ಬೇರೆಯೇ ಜೀವದಂತಿತ್ತು. ಅದಕ್ಕೆ ಭಾರ ಕೊಡುವಂತಿಲ್ಲ, ಗಡಿಯಾರ ಕಟ್ಟುವಂತಿಲ್ಲ, ಮನೆಯವರು ಯಾರೂ ಮುಟ್ಟುವಂತಿಲ್ಲ. ಈ ಕೊನೆಯದು ಡಾಕ್ಟರ ನಿಯಮವಲ್ಲ, ಮಾವನದೇ.

ಮಾವ ತಕ್ಕಡಿ ರಿಪೇರಿಯವರು. ಮುಖ್ಯ ರಸ್ತೆಯಿಂದ ಒಳಗೆ, ಹೊಲಿಗೆಯಂಗಡಿಗೂ ಬೀಗದಂಗಡಿಗೂ ನಡುವೆ ಸಿಕ್ಕಿಕೊಂಡ ಹತ್ತಡಿಯ ಅಂಗಡಿ ಅವರದು. ಮೂಟೆ ತೂಗುವ ತಕ್ಕಡಿಯಿಂದ ಹಿಡಿದು ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂತಿರುವ ನಾಜೂಕು ತಕ್ಕಡಿಯವರೆಗೆ ಎಲ್ಲವೂ ಅವರ ಕೈ ಕೆಳಗೆ ಹೋಗಿ ಬರಬೇಕು. ಡಯಾಲಿಸಿಸ್ ಕೇಂದ್ರದಲ್ಲೂ ಮೊದಲ ವಾರವೇ ಅಲ್ಲಿನ ತೂಕದ ಯಂತ್ರದ ಮೇಲೆ ನಿಂತು, "ಇದು ನಾನೂರು ಗ್ರಾಂ ಹೆಚ್ಚು ತೋರಿಸುತ್ತೆ" ಎಂದು ತಕರಾರು ತೆಗೆದಿದ್ದರು. ಪರೀಕ್ಷಿಸಿದಾಗ ನಾನೂರ ಇಪ್ಪತ್ತು ಇತ್ತು. ಅಂದಿನಿಂದ ಅಲ್ಲಿ ಅವರ ಹೆಸರು ತಕ್ಕಡಿ ಅಂಕಲ್.

ಸೊಸೆ ಭೌತಶಾಸ್ತ್ರದಲ್ಲಿ ಪದವಿ ಮಾಡಿದವಳು. ಗಂಡ ರೈಲಿನಲ್ಲಿ ಗಾರ್ಡ್, ಮೂರು ದಿನ ಮನೆ, ನಾಲ್ಕು ದಿನ ಹಳಿ. ಮನೆಯಲ್ಲಿ ಕೂತು ಬೇಸರವಾಗಿ ಒಂದು ದಿನ ಊಟದ ಡಬ್ಬಿ ಕೊಡಲೆಂದು ಅಂಗಡಿಗೆ ಹೋದವಳು ಅಲ್ಲೇ ಬೇರು ಬಿಟ್ಟಳು.

ಅಲ್ಲಿ ಕೂತ ಮೇಲೆಯೇ ಮಾವನ ಕೈಗಳ ಕಥೆ ಅವಳಿಗೆ ತಿಳಿದದ್ದು. ಬೆರಳ ಗೆಣ್ಣುಗಳಲ್ಲಿ ನೋವು, ಮಣಿಕಟ್ಟಿನಲ್ಲಿ ನೋವು, ಭುಜದಲ್ಲಂತೂ ಕೈ ಕಿವಿಯ ಮಟ್ಟಕ್ಕೆ ಏರದಷ್ಟು ನೋವು. ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಂಡವರಿಗೆ ಇದು ಬರುವುದುಂಟಂತೆ. ಕಂಡ ಕಂಡ ನೋವಿನ ಮಾತ್ರೆ ನುಂಗುವಂತಿಲ್ಲ. ಡಾಕ್ಟರು ಬರೆದುಕೊಟ್ಟ ಒಂದೇ ಒಂದು, ಅದೂ ಎಣಿಸಿ. ಉಳಿದದ್ದನ್ನೆಲ್ಲ ಮಾವ ಬುದ್ಧಿಯಿಂದ ನಿಭಾಯಿಸಿಕೊಂಡಿದ್ದರು. ಸ್ಕ್ರೂಡ್ರೈವರುಗಳ ಹಿಡಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿಕೊಂಡಿದ್ದರು. ತೆಳುವಾದ ಹಿಡಿಯನ್ನು ಬಿಗಿಯಾಗಿ ಹಿಡಿಯಬೇಕು, ದಪ್ಪನೆಯದನ್ನು ಸುಮ್ಮನೆ ಹಿಡಿದರೆ ಸಾಕು ಎನ್ನುವುದು ಅವರ ಲೆಕ್ಕ. ಅಂಗಡಿಯ ಮೇಲಿನ ಗೂಡುಗಳನ್ನೆಲ್ಲ ಕಿತ್ತು ಸೊಂಟದ ಮಟ್ಟಕ್ಕೆ ಬಡಿಸಿದ್ದರು.

"ಕೈ ಮೇಲೆ ಹೋಗಲ್ಲ ಅಂದ್ರೆ ಗೂಡು ಕೆಳಗೆ ಬರ್ಲಿ. ಅದಕ್ಕೇನು ಭುಜ ನೋಯುತ್ತಾ?"

ಬೆಳಗ್ಗೆ ಬಂದೊಡನೆ ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕೈ. ಆಮೇಲೆ ಮುಷ್ಟಿ ಕಟ್ಟಿ ಬಿಡುವುದು, ಇಪ್ಪತ್ತು ಸಲ. "ಇವು ನನಗಿಂತ ಸೋಂಬೇರಿ. ನಾನೆದ್ದು ಎರಡು ಗಂಟೆ ಆದ್ಮೇಲೆ ಏಳ್ತಾವೆ" ಎನ್ನುತ್ತಿದ್ದರು. ಮೊದಲು ತುಕ್ಕು ಉಜ್ಜುವಂಥ ಒರಟು ಕೆಲಸ. ಹತ್ತರಿಂದ ಹನ್ನೆರಡರವರೆಗೆ ನಾಜೂಕು ಕೆಲಸ. ಹನ್ನೆರಡಾದ ಮೇಲೆ ತಲೆ ಮೇಲೆ ತಲೆ ಬಿದ್ದರೂ ಸಣ್ಣ ತಿರುಪು ಮುಟ್ಟುತ್ತಿರಲಿಲ್ಲ. ನೋವನ್ನು ಗೆಲ್ಲುತ್ತೇನೆ ಎಂಬ ಹುಂಬತನವಿಲ್ಲ, ಅಯ್ಯೋ ಎಂಬ ಗೋಳೂ ಇಲ್ಲ. ನೋವನ್ನು ಅವರು ಒಬ್ಬ ತರಲೆ ಪಾಲುದಾರನಂತೆ ಕೂರಿಸಿಕೊಂಡು ಅಂಗಡಿ ನಡೆಸುತ್ತಿದ್ದರು. ತನಗಿದ್ದ ಮೇಷ್ಟ್ರುಗಳಲ್ಲಿ ಇಷ್ಟು ಶಿಸ್ತಿನವರು ಯಾರೂ ಇರಲಿಲ್ಲ ಎಂದು ಸೊಸೆ ಗಂಡನಿಗೆ ಎಷ್ಟೋ ಸಲ ಹೇಳಿದ್ದಳು.

ಆ ಮೆಚ್ಚುಗೆಯೇ ಅವಳ ಕಣ್ಣಿಗೆ ಪರೆ ಕಟ್ಟಿತೋ ಏನೋ. ಏಳು ತಿಂಗಳ ಹಿಂದೆ ಮಾವ ಇದ್ದಕ್ಕಿದ್ದಂತೆ ಅವಳ ಕೈಗೆ ಚಿಮಟ ಕೊಟ್ಟು, "ಇನ್ಮೇಲೆ ಸಣ್ಣ ತೂಕಗಳನ್ನ ನೀನೇ ಎತ್ತಿಡು" ಎಂದಿದ್ದರು. ಪ್ರಯೋಗಾಲಯದ ತೂಕಗಳನ್ನು ಬೆರಳಿನಿಂದ ಮುಟ್ಟುವುದು ಅವರ ಪಾಲಿಗೆ ಮಹಾಪಾಪ. ಬೆರಳಿನ ಎಣ್ಣೆ ಅಂಟಿದರೆ ತೂಕ ಸುಳ್ಳಾಗುತ್ತದೆ. ಚಿಮಟವನ್ನು ಇನ್ನೊಬ್ಬರಿಗೆ ಕೊಡುವುದೆಂದರೆ ಅವರು ಕಿರೀಟ ಇಳಿಸಿದಂತೆ. ತನ್ನನ್ನು ನಂಬಿದರಲ್ಲ ಎಂದು ಸೊಸೆ ಹಿಗ್ಗಿ ಹೀರೇಕಾಯಿಯಾಗಿದ್ದಳು. ಯಾಕೆ ಕೊಟ್ಟರು ಎಂದು ಕೇಳಬೇಕೆನ್ನಿಸಿರಲಿಲ್ಲ.

ಹೀಗಿರುವಾಗ ಒಂದು ದಿನ, ಡಯಾಲಿಸಿಸ್ ಇಲ್ಲದ ದಿನ, ಆರೂವರೆ ಕಳೆದು ಆರು ನಲವತ್ತಾದರೂ ಮಾವನ ಕೂಗು ಬರಲಿಲ್ಲ.

ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ಬೆಂಕಿಕಡ್ಡಿಯನ್ನು ಪೆಟ್ಟಿಗೆಗೆ ಹಾಕಿ ಹೋಗಿ ನೋಡಿದಳು. ಮಾವ ಕೂತೇ ಇದ್ದರು. ಎರಡು ಬೆರಳು ಮುಂಗೈ ಮೇಲೆ. ಸ್ವಲ್ಪ ಸರಿಸಿದರು. ಒತ್ತಿದರು. ಮತ್ತೆ ಸರಿಸಿದರು.

"ಮಾವ?"

"ನಿಂತಿದೆ" ಎಂದರು ಅವರು. ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಎರಡು ವಾರದಿಂದ ಕಮ್ಮಿ ಆಗ್ತಾ ಬಂದಿತ್ತು. ಇವತ್ತು ಏನೂ ಇಲ್ಲ."

ಸೊಸೆ ಮಂಚದ ಹತ್ತಿರ ಬಂದಳು. "ಎರಡು ವಾರದಿಂದಾನಾ? ಮತ್ತೆ ದಿನಾ ಓಡ್ತಾ ಇದೆ, ಓಡ್ತಾ ಇದೆ ಅಂತ ಕೂಗ್ತಿದ್ರಲ್ಲ!"

"ಓಡ್ತಾನೇ ಇತ್ತು. ನಿಧಾನಕ್ಕೆ ಓಡ್ತಿತ್ತು ಅಂತ ಕೂಗ್ಬೇಕಿತ್ತಾ?"

ಬಾಗಿಲಲ್ಲಿ ನಿಂತಿದ್ದ ಅತ್ತೆ, "ನಿಮ್ಮ ಬಾಯಿಗಿಷ್ಟು!" ಎಂದು ಅಳುತ್ತಲೇ ಬೈದು, ಅವರ ಅಂಗಿ ತಂದುಕೊಟ್ಟರು. ಮಾವ ಗುಂಡಿ ಹಾಕಿಕೊಳ್ಳಲು ಹೋದರು, ಎರಡು ಸಲ ಜಾರಿತು. ಗಾಬರಿಗೆ ಕೈ ನಡುಗುತ್ತಿದೆ ಎಂದುಕೊಂಡು ಅತ್ತೆಯೇ ಹಾಕಿದರು. ಮಾವ ಮಾತ್ರ, ಪ್ರಯಾಣ ಹೊರಟವರಂತೆ, ಕಾಲೇಜಿನ ತಕ್ಕಡಿಯ ಕೀಲಿ ಎಲ್ಲಿದೆ, ಔಷಧಿಯಂಗಡಿಯವನ ತೂಕಗಳನ್ನು ಯಾವಾಗ ಕೊಡಬೇಕು ಎಂದು ಸೊಸೆಗೆ ಒಂದೊಂದಾಗಿ ಒಪ್ಪಿಸಿದರು.

ಬಾಡಿಗೆ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಮಾವನ ಎಡಗೈ ಸೊಸೆಯ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿತ್ತು. ಒಂದು ಸಲ ಮುಟ್ಟಿ ನೋಡಲೇ ಎಂದು ಅವಳಿಗೆ ಅನಿಸಿತು. ಆದರೆ ಮುಟ್ಟುವಂತಿಲ್ಲವಲ್ಲ. ಮುಟ್ಟಲಿಲ್ಲ.

ಕೇಂದ್ರದಲ್ಲಿ ಬೆಳಗಿನ ಪಾಳಿ ಆಗಲೇ ಶುರುವಾಗಿತ್ತು. ಬಾಗಿಲ ಬಳಿಯ ಹಾಸಿಗೆಯಲ್ಲಿ, ಬಾಯಿಗೆ ಬಿಡುವೇ ಇಲ್ಲದ್ದರಿಂದ ರೇಡಿಯೋ ಎಂದು ಹೆಸರು ಪಡೆದ ನಿವೃತ್ತ ಬಸ್ ಕಂಡಕ್ಟರು ಮಲಗಿದ್ದರು. "ಏನು ತಕ್ಕಡಿ, ಇವತ್ತು ನಿನ್ನ ದಿನ ಅಲ್ವಲ್ಲ? ನಮ್ಮನ್ನ ಬಿಟ್ಟಿರೋಕೆ ಆಗ್ಲಿಲ್ವಾ?" ಎಂದವರು ಅತ್ತೆಯ ಮುಖ ನೋಡಿ ತಣ್ಣಗಾದರು.

ಸಿಸ್ಟರ್ ಓಡಿ ಬಂದು ಮಾವನ ಎಡಗೈಗೆ ಸ್ಟೆತಸ್ಕೋಪ್ ಇಟ್ಟಳು. ಕೇಳಿದಳು. ಹುಬ್ಬು ಗಂಟಿಕ್ಕಿದಳು. ಇನ್ನೊಂದು ಕಡೆ ಇಟ್ಟು ಕೇಳಿದಳು. ಬೆರಳಿಟ್ಟು ನೋಡಿದಳು.

"ಅಂಕಲ್, ಏನು ತಮಾಷೆ ಇದು? ಹಿಟ್ಟಿನ ಗಿರಣಿ ಥರ ಓಡ್ತಾ ಇದೆ!"

"ಇಲ್ಲ."

"ನೀವೇ ಕೇಳಿ."

ಸ್ಟೆತಸ್ಕೋಪನ್ನು ಮಾವನ ಕಿವಿಗೆ ಸಿಕ್ಕಿಸಿದಳು. ಮಾವ ಕೇಳಿದರು. ಬಹಳ ಹೊತ್ತು ಕೇಳಿದರು. ಸಿಸ್ಟರ್ ಅತ್ತೆಯ ಕೈ ಹಿಡಿದು ತಂದು ಅದೇ ಜಾಗದ ಮೇಲಿಟ್ಟಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅತ್ತೆ ಅದನ್ನು ಮುಟ್ಟಿದ್ದು. ಕರೆಂಟು ಹೊಡೆದವರಂತೆ ಕೈ ತೆಗೆದು, ಮತ್ತೆ ಇಟ್ಟು, "ಅಯ್ಯೋ ದೇವರೇ, ಇದು ಬೆಕ್ಕಿನ ಮರಿ ಥರ ಗುರುಗುಡ್ತಾ ಇದೆಯಲ್ಲೇ!" ಎಂದರು. ರೇಡಿಯೋ ಜೋರಾಗಿ ನಕ್ಕರು. ಅತ್ತೆಯೂ ಕಣ್ಣೊರೆಸಿಕೊಂಡು ನಕ್ಕರು. ಮಾವ ನಗಲಿಲ್ಲ. ಅವರು ತಮ್ಮ ಬಲಗೈಯನ್ನು ನೋಡುತ್ತಿದ್ದರು. ಸೊಸೆಯೂ ಅದನ್ನೇ ನೋಡಿದಳು. ಅವಳಿಗೆ ಚಿಮಟದ ನೆನಪಾಯಿತು, ಬೆಳಗ್ಗೆ ಜಾರಿದ ಗುಂಡಿಯ ನೆನಪಾಯಿತು, ಮುಖ ಬಿಸಿಯಾಯಿತು.

ಡಾಕ್ಟರಮ್ಮ ಬಂದರು. ಮಾವನ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಸವರಿದರು. ಕಿರುಬೆರಳಿಗೆ ಮಾವ ತಕ್ಷಣ "ಹೂಂ" ಎಂದರು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರಕ್ಕೂ ಮೌನ.

"ಎಷ್ಟು ದಿನ ಆಯ್ತು?"

"ಜೋಮು ಹಿಡಿಯೋದು ಒಂದು ವರ್ಷದಿಂದ. ಸಣ್ಣ ತೂಕ ಗೊತ್ತಾಗದಷ್ಟು ಮರಗಟ್ಟಿದ್ದು ಏಳು ತಿಂಗಳು."

"ನನಗ್ಯಾಕೆ ಹೇಳ್ಲಿಲ್ಲ? ನೋವು ಅಂತ ಮಾತ್ರ ಹೇಳ್ತಾ ಬಂದ್ರಿ."

"ನೋವು ಅಂದ್ರೆ ಮಾತ್ರೆ ಕೊಡ್ತೀರಿ. ಮರಗಟ್ಟಿದೆ ಅಂದ್ರೆ ಕೊಯ್ತೀನಿ ಅಂತೀರಿ. ನನ್ನ ಕೈ ನನ್ನ ಅಂಗಡಿ ಮೇಡಂ. ನರಕ್ಕೆ ಚಾಕು ತಾಗಿದ್ರೆ ಅಂಗಡಿ ಮುಚ್ಚಿದ ಹಾಗೆ."

ಡಾಕ್ಟರಮ್ಮ ಬೈಯಲಿಲ್ಲ. ಸ್ಟೂಲು ಎಳೆದು ಕೂತು ವಿವರಿಸಿದರು. ಕಿಡ್ನಿ ಸರಿಯಿದ್ದರೆ ಹೊರಹೋಗಬೇಕಾದ ಒಂದು ಪ್ರೋಟೀನು ಯಂತ್ರದಲ್ಲಿ ಪೂರ್ತಿ ಹೋಗುವುದಿಲ್ಲ. ವರ್ಷಾನುಗಟ್ಟಲೆ ಕೀಲುಗಳಲ್ಲಿ, ಮಣಿಕಟ್ಟಿನಲ್ಲಿ ಶೇಖರವಾಗುತ್ತದೆ. ಮಣಿಕಟ್ಟಿನ ಇಕ್ಕಟ್ಟಾದ ಓಣಿಯಲ್ಲಿ ಹಾದುಹೋಗುವ ನರವನ್ನು ಅಮುಕುತ್ತದೆ. ಆ ಓಣಿಯ ಮೇಲ್ಛಾವಣಿಯನ್ನು ಸೀಳಿ ನರಕ್ಕೆ ಜಾಗ ಮಾಡಿಕೊಡಬೇಕು, ಅಷ್ಟೇ. ಬಲಗೈಯಾದ್ದರಿಂದ ಫಿಸ್ಟುಲಾಗೆ ತೊಂದರೆಯಿಲ್ಲ.

"ನೋವು ಕಮ್ಮಿ ಆಗುತ್ತೆ, ನಿದ್ದೆ ಬರುತ್ತೆ, ಅದನ್ನ ಬಹುಮಟ್ಟಿಗೆ ಖಚಿತವಾಗಿ ಹೇಳ್ತೀನಿ. ಸ್ಪರ್ಶ ಎಷ್ಟು ವಾಪಸ್ ಬರುತ್ತೆ ಹೇಳಲಾರೆ. ಅರ್ಧ ಬರಬಹುದು, ಮುಕ್ಕಾಲು ಬರಬಹುದು. ಸುಮ್ಮನೆ ಬಿಟ್ರೆ ಹೆಬ್ಬೆರಳಿನ ಬುಡದ ಸ್ನಾಯು ಕರಗಿ ಹೋಗುತ್ತೆ. ನೋಡಿ, ಆಗ್ಲೇ ಗುಳಿ ಬಿದ್ದಿದೆ."

ಮಾವ ಆ ಗುಳಿಯನ್ನು ಮೊದಲ ಸಲವೆಂಬಂತೆ ನೋಡಿಕೊಂಡರು. "ಯೋಚನೆ ಮಾಡ್ತೀನಿ" ಎಂದರು.

"ಯೋಚನೆ ಮಾಡೋದೇನಿದೆ?" ಎಂದು ಅತ್ತೆ ಸಿಡುಕಿದರು.

"ಕೈ ನಂದು ಕಣೇ."

"ಗುಂಡಿ ಹಾಕೋ ಕೈ ನಂದು!"

ರೇಡಿಯೋ ಹಾಸಿಗೆಯಿಂದಲೇ ಕೂಗಿದರು, "ತೀರ್ಪು ಅಕ್ಕನ ಪರವಾಗಿದೆ!"

ಮನೆಗೆ ಹೋಗಬೇಕಾದ ಕಾರನ್ನು ಮಾವ ಅಂಗಡಿಯ ಕಡೆ ತಿರುಗಿಸಿದರು. ಅತ್ತೆ ಹಾಗೇ ಮನೆಗೆ ಹೋದರು. ಅಂಗಡಿಯೊಳಗೆ ಮಾವ ಬಾಗಿಲನ್ನು ಅರ್ಧ ಎಳೆದು, ಹಿತ್ತಾಳೆ ತೂಕಗಳ ಮರದ ಪೆಟ್ಟಿಗೆ ತೆಗೆಸಿದರು. ಒಂದು ಗ್ರಾಮಿನಿಂದ ನೂರು ಗ್ರಾಮಿನವರೆಗೆ ಸಾಲಾಗಿ ಮಖಮಲ್ಲಿನ ಗುಳಿಗಳಲ್ಲಿ ಕೂತಿದ್ದವು.

"ಬಲಗೈನ ಮೇಜಿನ ಮೇಲೆ ಅಂಗಾತ ಇಡ್ತೀನಿ. ಕಣ್ಣು ಮುಚ್ಚಿರ್ತೀನಿ. ಒಂದೊಂದು ಬೆರಳಿನ ತುದಿ ಮೇಲೆ ಒಂದೊಂದು ತೂಕ ಇಡು. ಎಷ್ಟು ಗ್ರಾಮಿಗೆ ಗೊತ್ತಾಗುತ್ತೋ ಬರ್ಕೋ."

ಸೊಸೆಗೆ ಅರ್ಥವಾಯಿತು. ಚಿಮಟ ತೆಗೆದುಕೊಂಡಳು.

"ತಾಳು. ಹಿತ್ತಾಳೆ ತಣ್ಣಗಿರುತ್ತೆ. ತಣ್ಣಗಿರೋದರಿಂದ ಗೊತ್ತಾದ್ರೆ ಅದು ತೂಕ ಅಲ್ಲ. ಅಡಿಗೆ ಒಂದು ಕಾಗದದ ಚೂರು ಇಡು. ಮತ್ತೆ ನಡುನಡುವೆ ಏನೂ ಇಡದೇನೂ ಕೇಳು."

"ಏನೂ ಇಡದೇನಾ?"

"ಹೂಂ. ಮನಸ್ಸು ಭಾರಿ ಕಳ್ಳ. ಬೇಕಾದ್ದನ್ನ ಕೇಳಿಸಿಕೊಳ್ಳುತ್ತೆ."

ಎರಡು ಗಂಟೆ ಹಿಡಿಯಿತು. ಪ್ರತಿ ಬೆರಳಿಗೂ ಮೂರು ಸಲ. ಕಿರುಬೆರಳು ಒಂದು ಗ್ರಾಮಿಗೇ ಎಚ್ಚೆತ್ತಿತು. ಉಂಗುರಬೆರಳು ಐದಕ್ಕೆ. ನಡುಬೆರಳು ಐವತ್ತಕ್ಕೆ. ಹೆಬ್ಬೆರಳು ನೂರಕ್ಕೆ. ತೋರುಬೆರಳಿಗೆ ಒಂದು ಸಲ ಐವತ್ತು, ಇನ್ನೊಂದು ಸಲ ನೂರು. ಮಾವ ಕಣ್ಣು ಮುಚ್ಚಿ, ಪರೀಕ್ಷೆಗೆ ಕೂತ ವಿದ್ಯಾರ್ಥಿಯಂತೆ, ಉಸಿರು ಬಿಗಿಹಿಡಿದಿದ್ದರು. ಸೊಸೆ ತೋರುಬೆರಳಿನ ಮೇಲೆ ಏನೂ ಇಡದೆ "ಈಗ?" ಎಂದಳು. "ಇದೆ" ಎಂದರು ಮಾವ, ಗಟ್ಟಿಯಾಗಿ. ಅವಳು ಸೊನ್ನೆ ಹಾಕಿ ಮುಂದೆ 'ಇದೆ' ಎಂದು ಬರೆದುಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಖಾಲಿ. "ಇದೆ" ಎಂದರು ಮತ್ತೆ.

ಕಣ್ಣು ತೆರೆದು ಕಾಗದ ತೆಗೆದುಕೊಂಡರು. ಸೊಸೆಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಸೊನ್ನೆಯನ್ನು ಬೇರೆ ಬರೆಯಬೇಕಿತ್ತೇ, ಒಂದೆರಡು ಬಿಟ್ಟುಬಿಡಬಹುದಿತ್ತಲ್ಲ ಎಂದೂ ಒಂದು ಕ್ಷಣ ಅನಿಸಿತು. ಮಾವ ಸೊನ್ನೆಗಳ ಹತ್ತಿರ ಬೆರಳು ನಿಲ್ಲಿಸಿದರು.

"ಇಲ್ಲಿ ಏನೂ ಇಟ್ಟಿರಲಿಲ್ವಾ?"

"ಇಲ್ಲ ಮಾವ."

"ಎರಡೂ ಸಲ?"

"ಎರಡೂ ಸಲ."

ಹೊಲಿಗೆಯಂಗಡಿಯ ಯಂತ್ರದ ಸದ್ದು ಗೋಡೆಯಾಚೆ ಓಡಿ ನಿಂತಿತು. ಮಾವ ಕನ್ನಡಕ ತೆಗೆದರು. "ನಲವತ್ತು ವರ್ಷ ಊರವರ ತಕ್ಕಡಿ ನೋಡ್ದೆ. ಯಾವುದನ್ನೂ ಇನ್ನೊಂದರ ಜೊತೆ ತೂಗದೆ ನಂಬಲಿಲ್ಲ. ಈ ಬೆರಳನ್ನ ಮಾತ್ರ ಏನೂ ನೋಡದೆ ನಂಬಿಬಿಟ್ಟೆ ನೋಡು. ಡಯಾಲಿಸಿಸ್‌ನಲ್ಲಿ ಸಿಸ್ಟರ್ ಸರಿ ಇದೆ ಅಂದ್ರೂ ಕಿವಿಗೆ ಹಾಕ್ಕೊಳ್ಲಿಲ್ಲ. ಎರಡು ವಾರ ಸಾವಿಗೆ ತಯಾರಾದೆ, ಇದು ಸುಳ್ಳು ಹೇಳಿದ್ದಕ್ಕೆ." ತೋರುಬೆರಳನ್ನು ಎತ್ತಿ ಹಿಡಿದರು. "ಖಾಲಿ ತಟ್ಟೆಗೆ ತೂಕ ತೋರಿಸೋ ತಕ್ಕಡಿ ಬಂದಿದ್ರೆ ಏನು ಮಾಡ್ತಿದ್ದೆ?"

"ಬಿಚ್ತಿದ್ರಿ."

"ಹೂಂ. ಬಿಚ್ಚದೇ ಮೇಲುಮೇಲೆ ಎಣ್ಣೆ ಹಾಕೋನು ಕಳ್ಳ." ಕಾಗದವನ್ನು ಮಡಿಸಿ ಅವಳ ಕೈಗೆ ಕೊಟ್ಟರು. "ಡಾಕ್ಟರಿಗೆ ಫೋನ್ ಮಾಡು. ಇದನ್ನೂ ಕೊಡು, ಅವರಿಗೆ ಉಪಯೋಗಕ್ಕೆ ಬಂದ್ರೂ ಬರಬಹುದು."

ಒಂದಿಷ್ಟೂ ಸಂಕೋಚವಿಲ್ಲದೆ ಕೊಟ್ಟರು. ಏಳು ತಿಂಗಳು ಮುಚ್ಚಿಟ್ಟದ್ದನ್ನು ಏಳು ಸಾಲಿನಲ್ಲಿ ಬರೆಸಿ ಕೊಟ್ಟ ಆ ಮನುಷ್ಯನನ್ನು ಸೊಸೆ ದಿಟ್ಟಿಸಿ ನೋಡಿದಳು. ದಪ್ಪ ಹಿಡಿಯ ಸ್ಕ್ರೂಡ್ರೈವರು ನೋಡಿ ಮೆಚ್ಚಿದ್ದಕ್ಕಿಂತ ಇದು ದೊಡ್ಡದೆಂದು ಅವಳಿಗೆ ಅನಿಸಿತು. ಆದರೆ ಬಾಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಬೈಸಿಕೊಳ್ಳುತ್ತಿದ್ದಳು.

ಶಸ್ತ್ರಚಿಕಿತ್ಸೆ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಮೂರನೆಯ ದಿನದಿಂದ ಮಾವ ಬೆಳಗಿನವರೆಗೆ ನಿದ್ದೆ ಮಾಡತೊಡಗಿದರು. ಗೊರಕೆಗೆ ತನಗೆ ನಿದ್ದೆಯಿಲ್ಲವೆಂದು ಅತ್ತೆ ಸಂತೋಷದಿಂದ ದೂರಿದರು. ಮುಂಗೈ ಮುಟ್ಟಿ ನೋಡುವ ಕೆಲಸ ಅತ್ತೆಗೆ ಬಂತು. ಡಯಾಲಿಸಿಸ್ ಹಾಸಿಗೆಯಲ್ಲಿ ಮಾವ ಅಕ್ಕಪಕ್ಕದವರನ್ನೆಲ್ಲ "ನಿಂಗೆ ಯಾವ ಬೆರಳು? ಎಷ್ಟು ದಿನದಿಂದ?" ಎಂದು ವಿಚಾರಿಸಿ ಡಾಕ್ಟರ ಬಳಿಗೆ ಅಟ್ಟತೊಡಗಿದರು. ರೇಡಿಯೋ ಮೊದಲು ಸುಮ್ಮನೆ ನಕ್ಕು, ಆಮೇಲೆ ಮೆಲ್ಲಗೆ, "ನಂಗೂ ಎಡಗೈ ಎರಡು ಬೆರಳು ಕಣೋ" ಎಂದರು.

ಸ್ಪರ್ಶ ಪೂರ್ತಿ ಬರಲಿಲ್ಲ. ಎರಡು ತಿಂಗಳಿಗೆ ತೋರುಬೆರಳು ಇಪ್ಪತ್ತು ಗ್ರಾಮಿಗೆ ಬಂದು ಅಲ್ಲೇ ನಿಂತಿತು. ಸ್ಕ್ರೂಡ್ರೈವರಿಗೆ, ಅರಕ್ಕೆ ಅದು ಸಾಕು. ಕಾಲೇಜಿನ ತಕ್ಕಡಿಗೆ ಸಾಲದು. ಮಾವ ಆ ಸಂಖ್ಯೆಯನ್ನು ಒಂದು ದಿನ ನೋಡಿದರು, ಎರಡು ದಿನ ನೋಡಿದರು, ಮೂರನೆಯ ದಿನ ಸೊಸೆಯನ್ನು ಕರೆದು, "ನಾಳೆ ಕಾಲೇಜಿಗೆ ನೀನು ಒಳಗೆ ಹೋಗು. ನಾನು ಹೊರಗೆ ಕೂರ್ತೀನಿ. ಒಳಗೆ ಬಂದ್ರೆ ಬಾಯಿ ಸುಮ್ಮನಿರಲ್ಲ" ಎಂದರು.

ಹಾಗೇ ಆಯಿತು. ಮೂರನೆಯ ಮಹಡಿಯ ಕಾರಿಡಾರಿನ ಬೆಂಚಿನ ಮೇಲೆ ಮಾವ ಕೂತರು. ಒಳಗೆ ಗಾಜಿನ ಪೆಟ್ಟಿಗೆಯ ಮುಂದೆ ಸೊಸೆ. ಉಸಿರಿನ ಗಾಳಿಗೂ ಅಲ್ಲಾಡುವ ಮುಳ್ಳನ್ನು ನೋಡುತ್ತ, ಚಿಮಟದಲ್ಲಿ ತೂಕ ಎತ್ತಿ ಇಟ್ಟು, ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಇಟ್ಟು, ಬೆವರಿ, ಒಂದೂವರೆ ಗಂಟೆಯ ಮೇಲೆ ಹೊರಬಂದಳು.

"ಆಯ್ತಾ?"

"ಆಯ್ತು."

"ಮೂರು ಸಲ ನೋಡಿದ್ಯಾ?"

"ನಾಲ್ಕು ಸಲ."

"ನಾಲ್ಕನೇದು ಯಾಕೆ? ಮೂರರ ಮೇಲೆ ನಂಬಿಕೆ ಇರ್ಲಿಲ್ವಾ?"

"ನೀವು ಹೊರಗೆ ಕೂತಿದ್ರಲ್ಲ, ಅದಕ್ಕೆ."

ಮಾವ ಹೂಂಗುಟ್ಟಿದರು. ಪ್ರಯೋಗಾಲಯದ ಗುಮಾಸ್ತ ಪ್ರಮಾಣಪತ್ರವನ್ನು ತಂದು, ವಾಡಿಕೆಯಂತೆ ಮಾವನ ಮುಂದೆ ಹಿಡಿದ. ಮಾವ ಅದನ್ನು ಓದಿ, ಸೊಸೆಯ ಕಡೆ ಸರಿಸಿದರು.

"ನೀವೇ ಹಾಕಿ ಮಾವ, ಯಾವಾಗ್ಲೂ ನೀವೇ ಅಲ್ವಾ ಹಾಕೋದು."

"'ಪರೀಕ್ಷಿಸಿದವರು' ಅಂತ ಅಚ್ಚಾಗಿದೆ ನೋಡು. ನಾನು ಬೆಂಚಿನ ಮೇಲೆ ಕೂತಿದ್ದೆ. ಬೆಂಚಿನ ಮೇಲೆ ಕೂತವನು ಇಲ್ಲಿ ಸೈನ್ ಹಾಕಿದ್ರೆ ನಿನ್ನ ನಾಲ್ಕು ಸಲವೂ ಸುಳ್ಳಾಗುತ್ತೆ."

ಅವಳು ಸಹಿ ಹಾಕಿದಳು. ಗುಮಾಸ್ತ ಶಾಯಿ ಆರಲೆಂದು ಗಾಳಿ ಊದುತ್ತ ನಿಂತ. ಅಷ್ಟರಲ್ಲಿ ಮಾವ ಉಪಕರಣದ ಪೆಟ್ಟಿಗೆಯನ್ನು ಬಲಗೈಯಲ್ಲಿ ಎತ್ತಿಕೊಂಡು ಮೆಟ್ಟಿಲ ಕಡೆ ನಡೆದಿದ್ದರು. ಎಡಗೈಗೆ ಬದಲಾಯಿಸಿಕೊಳ್ಳುವಂತಿಲ್ಲ. ಹತ್ತು ಮೆಟ್ಟಿಲು ಇಳಿದು ಪೆಟ್ಟಿಗೆ ಕೆಳಗಿಟ್ಟರು, ಮುಷ್ಟಿಯನ್ನು ಕಟ್ಟಿ ಬಿಟ್ಟರು, ಮತ್ತೆ ಎತ್ತಿಕೊಂಡರು. ಸೊಸೆ ಎರಡು ಮೆಟ್ಟಿಲು ಹಿಂದೆ ನಿಂತು, ಕೊಡಿ ಎನ್ನದೆ, ಅವರ ವೇಗಕ್ಕೆ ತನ್ನ ವೇಗ ಹೊಂದಿಸಿಕೊಂಡು ಇಳಿದಳು.